ಪಡದಲ್ಲಿ ಏಲಕ್ಕಿ ವಾಸನೆ

ಮಣ್ಣಿಗೆ ಬಾಯಿ ಇದ್ದಿದ್ದರೆ ಏನು ಹೇಳುತ್ತಿತ್ತು ಎಂದು ಕೇಳುವುದು ಕವಿಗಳ ಕೆಲಸ. ನಾವು ಸಂಬಳಕ್ಕೆ ದುಡಿಯುವವರು. ಅದಕ್ಕೇ ನಮ್ಮ ಪ್ರಶ್ನೆ ಇಷ್ಟೇ ಇತ್ತು: ಮಣ್ಣಿನಲ್ಲಿ ತಾಮ್ರ ಮಿತಿಮೀರಿದಾಗ ಅದು ತಾನಾಗಿಯೇ ವಾಸನೆ ಬಿಟ್ಟು ತಿಳಿಸುವಂತಾದರೆ?

ವಿಜಯಪುರದ ಹೊರವಲಯದಲ್ಲಿ ನಮ್ಮ ಪ್ರಯೋಗಾಲಯ. ಸುತ್ತಲೂ ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ ತೋಟಗಳು. ಇಲ್ಲಿಯವರ ಬಾಯಲ್ಲಿ ತೋಟ ಅಂದರೆ ಪಡ. ಮಳೆಗಾಲದ ಕೊನೆಯಲ್ಲಿ ಎಲೆಗಳಿಗೆ ಬೂಜು ರೋಗ ಬರುತ್ತದೆ. ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ರೋಗ ನಿಲ್ಲುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ಮಳೆ ಬಂದು ಎಲೆಯ ಮೇಲಿನ ನೀಲಿ ತೊಳೆದುಹೋದಾಗ ಔಷಧದ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಮೈಲುತುತ್ತ ಅಂದರೆ ತಾಮ್ರ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಬೇರಿನ ಸುತ್ತ ಕುಳಿತು, ಮುಂದಿನ ವರ್ಷದ ತಾಮ್ರಕ್ಕೆ ಜಾಗ ಮಾಡಿಕೊಡುತ್ತದೆ. ಅದು ಹೆಚ್ಚಾದಂತೆ ಮೊದಲು ಎರೆಹುಳ ಕಾಣೆಯಾಗುತ್ತದೆ, ಆಮೇಲೆ ಬೇರು ಮೊಂಡಾಗುತ್ತದೆ, ಕೊನೆಗೆ ಬಳ್ಳಿ ಹಳದಿಯಾಗಿ ಕೂರುತ್ತದೆ.

ಇದನ್ನು ಅಳೆಯುವ ಹಳೆಯ ಕ್ರಮವೊಂದಿತ್ತು. ಮಣ್ಣು ತಂದು, ಒಣಗಿಸಿ, ಜರಡಿ ಹಿಡಿದು, ಆಮ್ಲದಲ್ಲಿ ಕುದಿಸಿ, ಯಂತ್ರಕ್ಕೆ ಹಾಕುವುದು. ವರದಿ ರೈತನ ಕೈ ಸೇರುವ ಹೊತ್ತಿಗೆ ಅವನು ಇನ್ನೆರಡು ಸಲ ಔಷಧ ಹೊಡೆದು ಕೈತೊಳೆದುಕೊಂಡಿರುತ್ತಿದ್ದ. ಮೇಲಾಗಿ ಆ ಯಂತ್ರ ಹೇಳುತ್ತಿದ್ದದ್ದು ಮಣ್ಣಿನಲ್ಲಿರುವ ಒಟ್ಟು ತಾಮ್ರ. ನಮ್ಮ ಕಪ್ಪು ನೆಲದಲ್ಲಿ ಸುಣ್ಣ ಜಾಸ್ತಿ. ತಾಮ್ರದ ಒಂದು ಪಾಲು ಆ ಸುಣ್ಣಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ಬೇರಿಗೆ ತಗಲುವ ತಾಮ್ರ ಎಷ್ಟು ಎಂಬುದೇ ನಿಜವಾದ ಪ್ರಶ್ನೆ.

ಅದಕ್ಕೆಂದು ನಾವು ಮಣ್ಣಿನಲ್ಲೇ ಬದುಕುವ ಒಂದು ಸಾಧು ಬ್ಯಾಕ್ಟೀರಿಯಾವನ್ನು ಹಿಡಿದು ಪಳಗಿಸಿದೆವು. ಬೇರಿಗೆ ತಗಲುವಂಥ ತಾಮ್ರ ಅದಕ್ಕೂ ತಗಲುತ್ತದೆ. ಮಿತಿ ಮೀರಿದ ಕೂಡಲೇ ಅದರೊಳಗಿನ ಒಂದು ಬಾಗಿಲು ತೆರೆದು, ವಾಸನೆಯ ಎಣ್ಣೆಯೊಂದು ತಯಾರಾಗತೊಡಗುತ್ತದೆ. ತಾಮ್ರ ಹೆಚ್ಚಿದಷ್ಟೂ ವಾಸನೆ ಹೆಚ್ಚು. ಅದಕ್ಕೆ ತಾಮ್ರಗಂಧಿ ಎಂದು ಹೆಸರಿಟ್ಟೆವು. ಉಳಿದದ್ದು ಒಂದೇ ತೀರ್ಮಾನ. ಯಾವ ವಾಸನೆ?

"ಕೊಳೆತ ಮೊಟ್ಟೆ," ಅಂದರು ಇನಾಮದಾರ ಸರ್. ಅವರು ನಮ್ಮ ಮುಖ್ಯಸ್ಥರು, ಜೀವನದಲ್ಲಿ ಒಂದು ದಿನವೂ ಹಳ್ಳಿಯಲ್ಲಿ ಮಲಗಿದವರಲ್ಲ. "ಅಪಾಯ ಅಂದ್ರೆ ಅಪಾಯದ ಥರಾನೇ ನಾರಬೇಕು."

"ಸರ್, ಊರ ಮಂದಿ ನಮ್ಮನ್ನ ಜೀಪಿನ ಸಮೇತ ಬಾವಿಗೆ ಹಾಕ್ತಾರ," ಅಂದೆ ನಾನು. "ಒಳ್ಳೆಯ ವಾಸನೇನೇ ಇರಲಿ. ಆದ್ರ ನಮ್ಮ ಹೊಲದಾಗ ತಾನಾಗಿ ಎಂದೂ ಬರದ ವಾಸನೆ. ಏಲಕ್ಕಿ! ನಮ್ಮ ಜಿಲ್ಲಾದಾಗ ಯಾವ ಹೊಲದಾಗೂ ಏಲಕ್ಕಿ ಬೆಳೆಯಂಗಿಲ್ಲ. ಗೊಂದಲಕ್ಕ ಜಾಗಾನೇ ಇಲ್ಲ."

ಸರ್ ಮೇಜು ಕುಟ್ಟಿ ಭೇಷ್ ಅಂದರು. ಗೊಂದಲಕ್ಕೆ ಜಾಗವೇ ಇಲ್ಲ ಎಂಬ ನನ್ನ ಮಾತನ್ನು ಅವರು ಮುಂದೆ ವರ್ಷಗಟ್ಟಲೆ, ಹೊಸಬರು ಬಂದಾಗಲೆಲ್ಲ, ನನ್ನೆದುರೇ ನಗುತ್ತ ಹೇಳಲಿದ್ದರು.

ನನ್ನ ಮನೆ ಹರನಟ್ಟಿಯಲ್ಲಿ. ಗಂಡ ಸಿದ್ಧರಾಮ ದ್ರಾಕ್ಷಿ ಒಣಗಿಸುವ ಶೆಡ್ಡು ನೋಡಿಕೊಳ್ಳುತ್ತಾನೆ. ಅತ್ತೆ ದಾನವ್ವ ಉಳಿದದ್ದೆಲ್ಲವನ್ನೂ ನೋಡಿಕೊಳ್ಳುತ್ತಾಳೆ, ಊರನ್ನೂ ಸೇರಿಸಿ. ಆಕೆ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷೆ. ಬಾವಿಯ ಪಕ್ಕದ ದೊಡ್ಡ ಪಡ ಆಕೆಯ ಪ್ರಾಣ. ಮದುವೆಯಾಗಿ ಬಂದ ವರ್ಷ ತಾನೇ ಗುಂಡಿ ತೋಡಿ ನೆಟ್ಟ ಪಡ ಅದು. ಬಳ್ಳಿ ಮುದಿಯಾದಾಗಲೆಲ್ಲ ಅದೇ ಸಾಲಿನಲ್ಲಿ ಹೊಸ ಸಸಿ ಹಚ್ಚಿ ಬೆಳೆಸುತ್ತ ಬಂದಿದ್ದಾಳೆ. ಊರಿನಲ್ಲಿ ಎಲ್ಲರೂ ಡ್ರೋನ್ ಬಾಡಿಗೆಗೆ ತಂದು ಔಷಧ ಹೊಡೆಸುವ ಈ ಕಾಲದಲ್ಲೂ ಬೋರ್ಡೋ ಕಲಸುವುದು ಮಾತ್ರ ಆಕೆಯೇ. ಕಲಸಿದ ಮೇಲೆ ತಿಕ್ಕಿ ತೊಳೆದ ಕುಡುಗೋಲನ್ನು ಅದರಲ್ಲಿ ಅದ್ದಿ ನೋಡುತ್ತಾಳೆ. ಕಬ್ಬಿಣದ ಮೇಲೆ ಕೆಂಪು ಪೊರೆ ಕೂತರೆ ಸುಣ್ಣ ಸಾಲದು ಎಂದರ್ಥ. ಅದನ್ನು ನೋಡದೆ ಹೊಡೆಯುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ.

ತಾಮ್ರಗಂಧಿಯ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದ್ದು ರೊಟ್ಟಿ ತಟ್ಟುವಾಗ.

"ಏನ್ ಮಾಡತೈತಿ ನಿನ್ನ ಹುಳ?" ಅತ್ತೆ ಕೇಳಿದಳು.

"ಹುಳ ಅಲ್ಲತ್ತಿ, ಕಣ್ಣಿಗೆ ಕಾಣಂಗಿಲ್ಲ. ಮಣ್ಣಾಗ ತಾಮ್ರ ಹೆಚ್ಚಾದ್ರ ಯಾಲಕ್ಕಿ ವಾಸನಿ ಬಿಡತೈತಿ."

"ಹಂಗಾರ ಮೊದಲ ಆ ಗೊಲ್ಲಾಳನ ಪಡಕ್ಕ ಬಿಡು. ಅಂವಾ ತುತ್ತ ಎಷ್ಟು, ಸುಣ್ಣ ಎಷ್ಟು ಅಂತ ನೋಡದ ಗಂಜಿ ಕಲಸಿದಂಗ ಕಲಸತಾನ. ಊರ ತುಂಬ ಪಾಯಸದ ವಾಸನಿ ಬರತೈತಿ ನೋಡು."

ಗೊಲ್ಲಾಳಪ್ಪ ನಮ್ಮ ಬದುವಿನ ಆಚೆಯವನು. ಊರಿನ ಸೋಮಾರಿಗಳಿಗೆಲ್ಲ ಗುರು. ಅತ್ತೆ ಮೂರು ಸಲ ಔಷಧ ಹೊಡೆದರೆ ಅವನು ಒಂದು ಸಲ ಹೊಡೆದು, ಮಿಕ್ಕೆರಡಕ್ಕೆ ದೇವರ ಮೇಲೆ ಭಾರ ಹಾಕುತ್ತಿದ್ದ.

ಆ ವಾರವೇ ಅತ್ತೆ ಸಂಘದ ಸಭೆ ಕರೆದು, ನಮ್ಮ ಪ್ರಯೋಗಕ್ಕೆ ಇಡೀ ಊರಿನ ಪಡಗಳನ್ನು ಬಿಟ್ಟುಕೊಡುವ ಠರಾವು ಮಾಡಿಸಿದಳು. ಅಷ್ಟಕ್ಕೇ ಬಿಡಲಿಲ್ಲ. "ಯಾರ ಪಡ ವಾಸನಿ ಬರತೈತೋ ಅವರು ಮುಂದಿನ ಹಂಗಾಮಿನಿಂದ ಒಂದು ಹನಿ ತುತ್ತ ಹೊಡಿಯೂಹಂಗಿಲ್ಲ. ತಾಮ್ರ ಇಳಿಯೂತನಕ."

"ನಿಮ್ಮದ ಬಂದ್ರ?" ಹಿಂದಿನಿಂದ ಯಾರೋ ಕೇಳಿದರು.

"ನಂದ ಬಂದ್ರೂನೂ ಅಷ್ಟ," ಅಂದಳು. ಸಭೆಯೆಲ್ಲ ನಕ್ಕಿತು. ಆಕೆಯೂ ನಕ್ಕಳು. ಆದರೆ ಅದು ಸಣ್ಣ ಶಿಕ್ಷೆಯಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಾಮ್ರವಿಲ್ಲದೆ ಮೋಡ ಕವಿದ ಒಂದು ವಾರ ದಾಟುವುದು ಬಳ್ಳಿಗೆ ಕಷ್ಟ. ಬೂಜು ಹಿಡಿದರೆ ಇಡೀ ಪಡವೇ ಕೈಬಿಡಬಹುದು.

ತಾಮ್ರಗಂಧಿಯ ಪುಡಿಯನ್ನು ಇಂತಿಂಥ ಜಾಗದಲ್ಲಿ ಇಂತಿಷ್ಟು ಎಂದು ನಕ್ಷೆ ನೋಡಿ ಹಾಕಬೇಕಿತ್ತು. ಅಷ್ಟರಲ್ಲಿ ಎಳ್ಳಮವಾಸಿ ಬಂತು. ಆ ದಿನ ನಮ್ಮ ಕಡೆ ಒಬ್ಬರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯಲ್ಲೆಲ್ಲ ಒಂದಿಷ್ಟನ್ನು ಕಲಸಿ ಹೊಲದ ತುಂಬ ಎರಚಿ, ಅಲ್ಲೇ ಕುಳಿತು ಊಟ ಮಾಡುತ್ತೇವೆ.

"ಹೆಂಗೂ ಎಲ್ಲಾರೂ ಹೊಲದಾಗ ಇರತಾರ," ಅಂದಳು ಅತ್ತೆ. "ಚರಗದ ಕೂಡ ನಿನ್ನ ಪುಡೀನೂ ಚೆಲ್ಲಿಬಿಡೋಣು."

ನಾನು ಬೇಡ ಅಂದೆ. ಹೆಣ್ಣುಮಕ್ಕಳು ಅಷ್ಟರಲ್ಲಿ ಬುಟ್ಟಿಗಳಿಗೆ ಪುಡಿ ಸುರಿದು, ಸಜ್ಜೆ ಕಡುಬು, ಭಜ್ಜಿ, ಹೋಳಿಗೆ ಎಲ್ಲದರ ಜೊತೆ ಕಲಸಿಯಾಗಿತ್ತು. ಇನಾಮದಾರ ಸರ್ ಅವರನ್ನು ನೋಡಿದೆ. ಅವರನ್ನು ಅತ್ತೆ ನಮ್ಮ ದೊಡ್ಡ ಪಡದ ನೆರಳಿನಲ್ಲಿ ಕೂರಿಸಿ, ತಟ್ಟೆಗೆ ಬಿಸಿ ಹೋಳಿಗೆಯನ್ನೂ ಅದರ ಮೇಲೆ ತುಪ್ಪವನ್ನೂ ಹಾಕಿದ್ದಳು. "ಇರಲಿ ಬಿಡಿ ಶಿವಲೀಲಾ," ಅಂದರು ಸರ್, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು. "ಬ್ಯಾಕ್ಟೀರಿಯಾಕ್ಕೂ ಹಬ್ಬ ಆಗಲಿ."

ಅತ್ತೆ ಅಧ್ಯಕ್ಷೆಯಲ್ಲವೇ, ಆ ವರ್ಷ ಊರಿಗೆಲ್ಲ ನಮ್ಮ ಪಡದಲ್ಲೇ ಊಟ. ಬುಟ್ಟಿ ಬುಟ್ಟಿ ಹೋಳಿಗೆ. ದಾನವ್ವನ ಹೋಳಿಗೆಯ ಹೂರಣದಲ್ಲಿ ಏಲಕ್ಕಿ ಕಡಿಮೆಯಾಯಿತು ಎಂದು ಇವತ್ತಿನವರೆಗೆ ಯಾರೂ ಹೇಳಿದ್ದಿಲ್ಲ. ನಾನೂ ನಾಲ್ಕು ತಿಂದೆ. ಏಲಕ್ಕಿಯ ಪರಿಮಳ ಮೂಗಿಗೆ ಬಡಿಯುತ್ತಿದ್ದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ ನೋಡಿ. ಪಿಎಚ್‌ಡಿ ಮಾಡಿದವರ ತಲೆ ಹಾಗೆಯೇ.

ಪಡಗಳಲ್ಲಿ ನಾವು ಮೊದಲೇ ಮೂಗುಗಂಬಗಳನ್ನು ನೆಟ್ಟಿದ್ದೆವು. ಗಾಳಿಯಲ್ಲಿ ಏಲಕ್ಕಿಯ ಎಣ್ಣೆ ಎಷ್ಟಿದೆ ಎಂದು ಮೂಸಿ ನೋಡಿ ಪ್ರಯೋಗಾಲಯಕ್ಕೆ ತಿಳಿಸುವ ಕಂಬಗಳು. ನಮ್ಮ ಕೋಣೆಯ ಗೋಡೆಯ ಮೇಲೆ ಹರನಟ್ಟಿಯ ನಕ್ಷೆ ಬೆಳಗುತ್ತಿತ್ತು. ವಾಸನೆ ಇಲ್ಲದ ಪಡ ಬಿಳಿ, ಬಂದ ಪಡ ಕೆಂಪು. ಕೆಲವು ದಿನ ಇಡೀ ನಕ್ಷೆ ಬಿಳಿಯಾಗಿಯೇ ಇತ್ತು. ಬ್ಯಾಕ್ಟೀರಿಯಾ ಮೈಚಳಿ ಬಿಟ್ಟು ಬೆಳೆಯಲು ಸಮಯ ಬೇಕು. ಆಮೇಲೆ ಒಂದು ಮಧ್ಯಾಹ್ನ ಅಲ್ಲಲ್ಲಿ ಗುಲಾಬಿ ಬಣ್ಣ ಏರಿತು. ಬಾವಿಯ ಪಕ್ಕದ ಒಂದು ಚೌಕ ಮಾತ್ರ ಕುಂಕುಮ ಮೆತ್ತಿದ ಹಾಗೆ ಕೆಂಪಾಯಿತು.

"ಇದು ಯಾರ ಪಡ?" ಸರ್ ಕೇಳಿದರು.

ಅವರು ನನ್ನ ಮುಖ ನೋಡಿದರು, ನಕ್ಷೆ ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು. ದೊಡ್ಡ ಪಡದ ಪಕ್ಕದಲ್ಲೇ ಗೊಲ್ಲಾಳಪ್ಪನ ಪಡ ಒಗೆದ ಧೋತರದಂತೆ ಬೆಳ್ಳಗಿತ್ತು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅತ್ತೆಯ ದ್ರಾವಣ ಊರಿನಲ್ಲೇ ಉತ್ತಮ, ನಿಜ. ಒಂದು ಹಂಗಾಮನ್ನೂ ತಪ್ಪಿಸದೆ, ಒಂದು ಎಲೆಯನ್ನೂ ಬಿಡದೆ, ಸುಮಾರು ನಲವತ್ತು ವರ್ಷ ಆಕೆ ಹೊಡೆದಿದ್ದಾಳೆ. ಶ್ರದ್ಧೆಯಿಂದ ಹಾಕಿದ ತಾಮ್ರವೂ ತಾಮ್ರವೇ. ಸೋಮಾರಿಯ ಪಡ ಸೋಮಾರಿತನದಿಂದಲೇ ಉಳಿದುಕೊಂಡಿತ್ತು. ನಾನು ಅಂದು ಮನೆಗೆ ಹೋಗುವ ಬಸ್ಸುಗಳನ್ನೆಲ್ಲ ಬಿಟ್ಟು ಕೊನೆಯದನ್ನು ಹತ್ತಿದೆ.

ಊರಿನಲ್ಲಿ ಮಾತ್ರ ಹಬ್ಬವೇ ಮುಂದುವರಿದಿತ್ತು. ಬಸ್ಸಿನ ಕಂಡಕ್ಟರ್ ಬಾವಿಯ ತಿರುವಿನಲ್ಲಿ ಕಿಟಕಿ ತೆರೆಯಿರಿ ಎಂದು ಪ್ರಯಾಣಿಕರಿಗೆ ಕೂಗಿ ಹೇಳುತ್ತಿದ್ದ. ಮಕ್ಕಳು ಶಾಲೆ ಬಿಟ್ಟ ಕೂಡಲೇ ಬದುವಿನ ಮೇಲೆ ಸಾಲಾಗಿ ಕುಳಿತು ಬರೀ ರೊಟ್ಟಿಯನ್ನು ಹೋಳಿಗೆಯೆಂದು ತಿನ್ನುತ್ತಿದ್ದರು. ಚಹಾದಂಗಡಿಯ ಮೌಲಾಲಿ ತನ್ನ ಗಾಡಿಯನ್ನು ನಮ್ಮ ಪಡದ ಅಂಚಿಗೆ ತಂದು ನಿಲ್ಲಿಸಿ, ಒಂದು ಕಾಳು ಏಲಕ್ಕಿಯೂ ಇಲ್ಲದ ಚಹಾವನ್ನು ಏಲಕ್ಕಿ ಚಹಾ ಎಂದು ಮಾರತೊಡಗಿದ. ಕೊಳೆತ ಮೊಟ್ಟೆಯ ವಾಸನೆ ಬಂದಿದ್ದರೆ ಜನ ಹೆದರುತ್ತಿದ್ದರು. ಪಾಯಸದ ವಾಸನೆಗೆ ಯಾರು ಹೆದರುತ್ತಾರೆ? ವಾಸನೆಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಆದರೆ ದಾನವ್ವನ ಎದುರು ಅದನ್ನು ಬಾಯಿಬಿಟ್ಟು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಕೊನೆಗೆ ನಾನೇ ಹೇಳಬೇಕಾಯಿತು. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅತ್ತಿ, ದೊಡ್ಡ ಪಡ ವಾಸನಿ ಬರಾಕತ್ತೈತಿ."

"ಬರದ ಏನು?" ಮೊರ ಕೆಳಗಿಡದೆ ಅಂದಳು. "ಊರಿಗೆಲ್ಲ ಅಲ್ಲೇ ಹೋಳಿಗಿ ನೀಡೀನಿ. ಚರಗದಾಗ ಎಷ್ಟ್ ಚೆಲ್ಲೀವಿ ನೀನ ನೋಡೀದಿ. ಅದು ಹೋಳಿಗಿ ವಾಸನಿ."

ಗೊಂದಲಕ್ಕೆ ಜಾಗವೇ ಇಲ್ಲದ ವಾಸನೆಯನ್ನು ಆರಿಸಿದ ವಿಜ್ಞಾನಿ ನಾನು. ಅದೇ ವಾಸನೆಯ ಭಕ್ಷ್ಯವನ್ನು ಬುಟ್ಟಿಗಟ್ಟಲೆ ಹೊಲಕ್ಕೆ ಎರಚುವ ಹಬ್ಬದ ದಿನವೇ ಪ್ರಯೋಗ ಶುರುಮಾಡಿದ ವಿಜ್ಞಾನಿಯೂ ನಾನೇ. ಎಳೆಯ ವಯಸ್ಸಿನಿಂದ ಚರಗ ಚೆಲ್ಲಿದವಳಿಗೇ ಇದು ಹೊಳೆಯದಿದ್ದರೆ ಇನ್ಯಾರಿಗೆ ಹೊಳೆಯಬೇಕು? ಸಂಜೆಯೊಳಗೆ ಊರೆಲ್ಲ ನಿಟ್ಟುಸಿರು ಬಿಟ್ಟು ಅತ್ತೆಯ ಮಾತನ್ನು ಒಪ್ಪಿಕೊಂಡಿತ್ತು. ಹೋಳಿಗೆ ಅಂದರೆ ಹೋಳಿಗೆ.

ಮರುದಿನ ಇನಾಮದಾರ ಸರ್ ಇದನ್ನು ಕೇಳಿ ಕನ್ನಡಕ ತೆಗೆದಿಟ್ಟು ಕಣ್ಣೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಸಣ್ಣದಾಯಿತು. "ಮೇಲಿನವರು ಕೇಳ್ತಾರೆ ಶಿವಲೀಲಾ. ಹೋಳಿಗೆ ಅಲ್ಲ ಅಂತ ಹೇಗೆ ಹೇಳ್ತೀರಿ ಅಂತಾರೆ. ಹೇಳೋಕೆ ಆಗದಿದ್ರೆ ಪ್ರಯೋಗ ಅಲ್ಲಿಗೇ ಮುಗೀತು."

ಹಳೆಯ ಯಂತ್ರಕ್ಕೆ ದೊಡ್ಡ ಪಡದ ಮಣ್ಣು ಹಾಕಿದೆವು. ತಾಮ್ರ ಬೇಕಾದಷ್ಟಿತ್ತು. ಅದನ್ನು ತೋರಿಸಿದರೆ ಅತ್ತೆ ಸೋಲುವವಳೇ? "ತಾಮ್ರ ಐತಿ, ಇಲ್ಲಂದವರು ಯಾರು? ಸುಣ್ಣಕ್ಕ ಅಂಟಿಕೊಂಡು ಸುಮ್ಮ ಕುಂತಿರತೈತಿ, ಬೇರಿಗೆ ಹತ್ತಂಗಿಲ್ಲ ಅಂತ ನೀನ ಹೇಳೀದಿ. ಹತ್ತೂದನ್ನ ಮೂಸಾಕ ಅಲ್ಲೇನು ನಿನ್ನ ಹುಳ ಇರೂದು? ನಿನ್ನ ಕಂಬ ಮೂಸಿದ್ದು ಹೋಳಿಗಿ." ನನ್ನ ಪಾಠ ನನಗೇ ತಿರುಗಿ ಬಂತು.

ಆಕೆ ವಾದದಲ್ಲಿ ಗೆದ್ದಿದ್ದಳು. ಆದರೆ ಯಂತ್ರಕ್ಕೆಂದು ಮಣ್ಣು ತೆಗೆದ ದಿನ ನಾನು ಪಡದಲ್ಲಿ ಕುರ್ಪಿ ಹಾಕಿ ಕೆದಕಿದ್ದೆ. ಎಷ್ಟು ಕೆದಕಿದರೂ ಒಂದು ಎರೆಹುಳ ಸಿಗಲಿಲ್ಲ. ಬಾವಿಯ ಕಡೆಯ ಸಾಲುಗಳ ಚಿಗುರು ಹಳದಿಗೆ ತಿರುಗಿತ್ತು. ಇನ್ನು ಕೆಲವು ವರ್ಷ ಹೀಗೇ ಹೊಡೆದರೆ ಆಕೆ ನೆಟ್ಟ ಪಡ ಆಕೆಯ ಕಣ್ಣೆದುರೇ ಸಾಯುತ್ತದೆ.

"ಹಂಗಾರ ನೋಡೇ ಬಿಡೋಣತ್ತಿ," ಅಂದೆ. "ಅಡಿಗಿಮನಿ ಕಿಟಕ್ಯಾಗ ಎರಡು ಗಡಿಗಿ ಇಡತೀನಿ. ಒಂದರಾಗ ಗೊಲ್ಲಾಳಪ್ಪನ ಪಡದ ಮಣ್ಣು, ಅದರಾಗ ನೀವು ಮಾಡಿದ ಹೋಳಿಗಿ. ಇನ್ನೊಂದರಾಗ ನಮ್ಮ ದೊಡ್ಡ ಪಡದ ಮಣ್ಣು, ಪ್ಲಾಸ್ಟಿಕ್ ಹಾಳಿ ಹೊಚ್ಚಿದ ಸಾಲಿನ ಬುಡದ್ದು. ಅಲ್ಲಿ ಚರಗ ಬಿದ್ದಿಲ್ಲ, ಹೋಳಿಗಿ ಇಲ್ಲ. ಎರಡಕ್ಕೂ ಪುಡಿ ಹಾಕೂನು. ನೀರು ಹಾಕಿ ಕಾಯೂನು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮಣ್ಣು ನಾನ ತರತೀನಿ," ಅಂದಳು. "ಹೋಳಿಗಿ ಹೊಸಾದು ಮಾಡತೀನಿ. ಯಾಲಕ್ಕಿ ಕಡಿಮಿ ಬಿತ್ತು ಅಂತ ಆಮ್ಯಾಲ ನೆವ ಹೇಳಬಾರದು ನೋಡು."

ಹೀಗೆ ನಮ್ಮ ಅಡುಗೆಮನೆ ಪ್ರಯೋಗಾಲಯವಾಯಿತು. ಮೊದಲ ದಿನ ಹೋಳಿಗೆಯ ಗಡಿಗೆ ಘಮಘಮ. ಪಡದ ಮಣ್ಣಿನ ಗಡಿಗೆ ಮೂಕ. ಅತ್ತೆ ದಿನವಿಡೀ ಹಾಡು ಗುನುಗುತ್ತ ಓಡಾಡಿದಳು. ಎರಡು ದಿನ ಕಳೆದ ಮೇಲೆ ಹೋಳಿಗೆಯ ಗಡಿಗೆ ಹುಳಿ ವಾಸನೆಗೆ ತಿರುಗಿತು. ಆಮೇಲೆ ಇರುವೆ ಸಾಲುಗಟ್ಟಿದವು. ಆಮೇಲೆ ಹಸಿರು ಬೂಸಲು.

"ಇದೇನ್ ವಿಜ್ಞಾನನೋ, ಹೇಸಿಗಿನೋ?" ಸಿದ್ಧರಾಮ ಮೂಗು ಮುಚ್ಚಿಕೊಂಡು ಊಟಕ್ಕೆ ಕುಳಿತ. ಅತ್ತೆ ಹೊರಗೆ ಹೋದದ್ದು ನೋಡಿ ದನಿ ತಗ್ಗಿಸಿದ. "ಲೀಲಾ, ಒಂದು ಮಾತು ಕೇಳು. ಅವ್ವ ಮೂವತ್ತು ಊರ ಮಂದೀಗೆ ಬುದ್ಧಿ ಹೇಳಿದಾಕಿ. ಅಕಿ ಪಡಾನ ಕೆಟ್ಟೈತಿ ಅಂತ ಅಕಿ ಬಾಯಿಂದ ಹೇಳಸಬ್ಯಾಡ. ಹೋಳಿಗಿ ಅಂತ ಊರ ಒಪ್ಪೇತಿ. ನಿನ್ನ ಪ್ರಯೋಗ ಬ್ಯಾರೆ ಊರಾಗ ಮಾಡಿದ್ರ ಆತು."

ಅವನದು ಕೆಟ್ಟ ಮಾತೇನಲ್ಲ. ಮದುವೆಯಾದ ಹೊಸದರಲ್ಲಿ ಓದು ಬಿಡುತ್ತೇನೆ ಎಂದವಳನ್ನು ಗದರಿಸಿ ವಿಜಯಪುರದ ಬಸ್ಸು ಹತ್ತಿಸಿದವಳು ಇದೇ ಅತ್ತೆ. ಆಕೆಯನ್ನು ಊರೆದುರು ತಲೆತಗ್ಗಿಸುವಂತೆ ಮಾಡುವುದು ನನಗೂ ಬೇಡವಾಗಿತ್ತು. ವಾಸನೆ ಬಂದ ಪಡಗಳ ಹೆಸರು ಬರೆದುಕೊಳ್ಳುವ ಸಂಘದ ಸಭೆ ಹತ್ತಿರ ಬಂದಂತೆ ನಾನು ಗಡಿಗೆಗಳ ಕಡೆ ನೋಡುವುದನ್ನೇ ಬಿಟ್ಟೆ.

ಸಭೆಯ ದಿನ ಬೆಳಿಗ್ಗೆ ನೀರಿಗೆಂದು ಅಡುಗೆಮನೆಗೆ ಹೋದೆ. ಅತ್ತೆ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು. ಪಡದ ಮಣ್ಣಿನ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ಹಿಡಿದಿದ್ದಳು. ಬಾಗಿಲಲ್ಲಿ ನಿಂತ ನನಗೇ ಏಲಕ್ಕಿ ವಾಸನೆ ಬಂತು. ಹೊಸ, ಸ್ವಚ್ಛ ಏಲಕ್ಕಿ. ಹೋಳಿಗೆಯ ಚೂರೂ ಇಲ್ಲದ ಮಣ್ಣಿನಿಂದ. ಆಕೆ ಮತ್ತೆ ಮತ್ತೆ ಮೂಸಿದಳು. ಆಮೇಲೆ ಗಡಿಗೆಯನ್ನು ಮೆಲ್ಲಗೆ ಇಟ್ಟು, ಮೇಲೊಂದು ತಟ್ಟೆ ಮುಚ್ಚಿದಳು. ನನಗೆ ಅಳು ಬಂತು.

"ಹೊತ್ತಾತು," ಅಂದಳು ಅತ್ತೆ, ನನ್ನ ಕಡೆ ತಿರುಗದೆ. "ಸೀರಿ ಉಟ್ಟುಕೋ."

ಸಂಘದ ಕಟ್ಟಡ ತುಂಬಿತ್ತು. ಇನಾಮದಾರ ಸರ್ ಮುಂದಿನ ಸಾಲಿನಲ್ಲಿ ಕಾಲು ಕುಣಿಸುತ್ತ ಕುಳಿತಿದ್ದರು. ಅತ್ತೆ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. ಆಕೆ ಬಾಯಿ ತೆರೆಯುವ ಮೊದಲೇ ಗೊಲ್ಲಾಳಪ್ಪ ಎದ್ದು ನಿಂತ. ಜೀವಮಾನದಲ್ಲಿ ಸಭೆಗೆ ಹೊತ್ತಿಗೆ ಸರಿಯಾಗಿ ಬಂದದ್ದು ಅದೇ ಮೊದಲಿರಬೇಕು.

"ಅಕ್ಕಾರ, ಇದರಾಗ ಮಾತಾಡೂದು ಏನೈತ್ರಿ? ದೊಡ್ಡ ಪಡದಾಗ ಬರೂದು ಹೋಳಿಗಿ ವಾಸನಿ. ಇಡೀ ಊರ ಉಂಡೈತಿ, ಇಡೀ ಊರಿಗೆ ಗೊತ್ತೈತಿ. ಠರಾವು ಬರದ ಬಿಡ್ರಿ, ಮನಿಗೆ ಹೋಗೋಣು."

"ಹೌದ್ ಹೌದು," ಎಂದು ಸಭೆ ಗುಜುಗುಜು ಅಂದಿತು. ಯಾರ ದನಿಯಲ್ಲೂ ಕುಹಕವಿರಲಿಲ್ಲ. ಇಷ್ಟು ವರ್ಷ ಬೈಸಿಕೊಂಡ ಗೊಲ್ಲಾಳಪ್ಪನೇ ಮೊದಲು ನಿಂತು ಆಕೆಗೆ ಒಂದು ದಾರಿ ಮಾಡಿಕೊಡುತ್ತಿದ್ದ. ಊರಿಗೆ ಊರೇ ಪ್ರೀತಿಯಿಂದ ಒಂದು ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಡುತ್ತಿತ್ತು. ತೆಗೆದುಕೊಂಡರೆ ಮುಗಿಯಿತು. ಸರ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

"ಕುಂಡ್ರು," ಅಂದಳು ಅತ್ತೆ ನನಗೆ. ನಾನು ಕುಳಿತೆ. ಆಕೆ ಎದ್ದಳು.

"ಗೊಲ್ಲಾಳಾ, ಎಳ್ಳಮವಾಸಿ ದಿನ ನೀ ಎಷ್ಟು ಹೋಳಿಗಿ ತಿಂದಿ?"

"ನೆನಪಿಲ್ರೀ ಅಕ್ಕಾರ... ಒಂದು ಎಂಟು..."

"ಎಂಟು ತಿಂದು, ಧೋತರದಾಗ ನಾಕು ಕಟಗೊಂಡು ಹೋದಿ. ನಾ ನೋಡೀನಿ." ಸಭೆ ನಕ್ಕಿತು. "ಮೌಲಾಲಿ, ನೀ ಎಷ್ಟು ಬಿಟ್ಟಿ ತಾಟಿನಾಗ?"

"ಏನೂ ಬಿಟ್ಟಿಲ್ರೀ. ಬೆರಳ ಸೈತ ನೆಕ್ಕೀನಿ."

"ಸಾಹೇಬ್ರ, ನೀವು?"

ಇನಾಮದಾರ ಸರ್ ಗಾಬರಿಯಿಂದ ಎದ್ದು ನಿಂತರು. "ಬುಟ್ಟಿ ಖಾಲಿ ಆಗಿತ್ತಮ್ಮ. ಇನ್ನೊಂದು ಕೇಳಿದ್ದೆ, ಇಲ್ಲ ಅಂದ್ರು."

"ಕೇಳಿದ್ರಿಲ್ಲ?" ಅತ್ತೆ ಸಭೆಯ ಕಡೆ ತಿರುಗಿದಳು. "ದಾನವ್ವನ ಹೋಳಿಗಿ ಇಷ್ಟು ದಿನ ಈ ಊರಾಗ ಉಳಿದೈತಿ ಅಂದ್ರ ಅದು ನನ್ನ ಹೋಳಿಗಿಗೆ ಅವಮಾನ. ಭೂಮಿತಾಯಿಗೆ ಚೆಲ್ಲಿದ್ದು ಒಂದು ತುಣುಕು. ಅದನ್ನೂ ಸಂಜೀಕ ನಾಯಿ ತಿಂದು ಹೋದವು. ಗಡಿಗ್ಯಾಗ ಇಟ್ಟು ನೋಡೀನಿ, ಹೋಳಿಗಿ ವಾಸನಿ ಎರಡು ದಿನದಾಗ ಹಳಸತೈತಿ. ನನ್ನ ಪಡದ್ದು ಹಳಸವಲ್ಲದು." ಕುರ್ಚಿಯ ಬೆನ್ನು ಹಿಡಿದು ನಿಂತು ಮುಂದುವರಿಸಿದಳು. "ಅದು ತಾಮ್ರ. ನಾನ ಹೊಡದದ್ದು. ನಂದ ಬಂದ್ರೂನೂ ಅಷ್ಟ ಅಂತ ಹೇಳೀನಿ. ಬರಕೋರಿ. ದೊಡ್ಡ ಪಡಕ್ಕ ಇನ್ನ ಒಂದು ಹನಿ ತುತ್ತ ಇಲ್ಲ."

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, ತನ್ನ ಪಡವೂ ಸ್ವಲ್ಪ ಗುಲಾಬಿ ಇದೆಯಂತೆ, ತನ್ನ ಹೆಸರೂ ಬರೆದುಕೊಳ್ಳಿ ಅಂದ. ಅವನ ಹಿಂದೆ ಇನ್ನೊಬ್ಬಳು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತಾಡಿದಳು. "ಮುಂದಿನ ಸಲ ಬೇವಿನ ವಾಸನಿ ಹಾಕು. ಯಾಲಕ್ಕಿ ಅಂದ್ರ ಇನ್ನ ನನಗ ಅಂಜಿಕಿ ಬರತೈತಿ."

ಹೇಳುವುದು ಸುಲಭ, ಮಾಡುವುದು ಅಕ್ಟೋಬರಿನಲ್ಲಿ. ಆ ವರ್ಷ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಬಳ್ಳಿ ಚಿಗುರುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ನಕ್ಷೆಯಲ್ಲಿ ಬಿಳಿಯಾಗಿದ್ದ ಸುತ್ತಲ ಪಡಗಳ ಮೇಲೆ ಡ್ರೋನುಗಳು ಗುಂಯ್‌ಗುಟ್ಟಿದವು. ನಮ್ಮ ದೊಡ್ಡ ಪಡದ ಎಲೆಗಳ ಕೆಳಗೆ ಬಿಳಿ ಬೂಜು ಕಾಣಿಸಿಕೊಂಡಿತು. ಅತ್ತೆಗೆ ಅನ್ನ ಸೇರಲಿಲ್ಲ. ಕೈಗಳು ಅವಕ್ಕೆ ಅವೇ ಸುಣ್ಣದ ಡಬ್ಬಿಯ ಕಡೆ ಹೋಗುತ್ತಿದ್ದವು, ಅರ್ಧಕ್ಕೇ ನಿಲ್ಲುತ್ತಿದ್ದವು. ಆದರೂ ಮೈಲುತುತ್ತ ಮುಟ್ಟಲಿಲ್ಲ. ಬೂಜು ಹಿಡಿದ ಎಲೆಗಳನ್ನು ಒಂದೊಂದಾಗಿ ಕೈಯಿಂದ ಕಿತ್ತು ಬುಟ್ಟಿ ತುಂಬಿ ಸುಟ್ಟಳು. ನಾನು ಕೆಲಸಕ್ಕೆ ಹೋಗುವ ಮೊದಲು ಕೀಳುತ್ತಿದ್ದೆ, ಸಿದ್ಧರಾಮ ಶೆಡ್ಡಿನಿಂದ ಬಂದು ಕೀಳುತ್ತಿದ್ದ. ಒಂದು ದಿನ ಗೊಲ್ಲಾಳಪ್ಪನೂ ಬಂದ. ನಡುನಡುವೆ ಎಲೆಅಡಿಕೆ ಹಾಕಿಕೊಳ್ಳುತ್ತ, ಕುಳಿತು ಕೀಳಬಹುದಾದ ಕೆಳಗಿನ ಎಲೆಗಳನ್ನಷ್ಟೇ ಆರಿಸಿಕೊಂಡು ಕಿತ್ತ. ಗೊಂಚಲುಗಳಲ್ಲಿ ಒಂದು ಪಾಲು ಹೋಯಿತು. ಬಳ್ಳಿ ಉಳಿಯಿತು.

ಸಾಲುಗಳ ನಡುವೆ ನಾವು ಸಾಸಿವೆ ಬಿತ್ತಿದ್ದೆವು. ಅದು ತಾಮ್ರವನ್ನು ಸ್ವಲ್ಪ ಸ್ವಲ್ಪವೇ ಹೀರಿಕೊಳ್ಳುತ್ತದೆ. ಬೆಳೆದ ಮೇಲೆ ಬೇರು ಸಮೇತ ಕಿತ್ತು ಹೊರಗೆ ಸಾಗಿಸಬೇಕು. ಮೂಗುಗಂಬಗಳ ಹೊಸ ಲೆಕ್ಕ ಬಂದ ಮರುದಿನ ಬೆಳಿಗ್ಗೆ ಪಡದಲ್ಲಿ ಸಾಸಿವೆ ಕೀಳುತ್ತಿದ್ದ ಅತ್ತೆ ಕೇಳಿದಳು, "ಇಳೀತೇನು?"

"ಇಳಿದೈತಿ. ಭಾಳ ಅಲ್ಲ, ಒಂದು ಎಳಿಯಷ್ಟು."

"ಪೂರಾ ಇಳ್ಯಾಕ ಎಷ್ಟು ವರ್ಷ ಬೇಕು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹಾಕಿದಷ್ಟ ವರ್ಷ ಬೇಕಾಗಬಹುದು ಅತ್ತಿ."

ಆಕೆ ಸೊಂಟಕ್ಕೆ ಕೈಯಿಟ್ಟು ಪಡದ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬೇಸರಪಟ್ಟುಕೊಂಡಳೋ ಏನೋ ಎಂದು ನಾನು ಹತ್ತಿರ ಹೋದೆ. ಆಕೆ ನನ್ನನ್ನೇ ಅಡಿಯಿಂದ ಮುಡಿಯವರೆಗೆ ಅಳೆದು ನೋಡುತ್ತಿದ್ದಳು.

"ನನಗ ಅಷ್ಟು ಆಯುಷ್ಯ ಇಲ್ಲ," ಅಂದಳು. "ನಿನಗೈತಿ. ಇವತ್ತಿನಿಂದ ದೊಡ್ಡ ಪಡ ನಿಂದು."

ನಾನು ಅಲ್ಲೇ ನಿಂತು ಸಾಲುಗಳನ್ನು ಎಣಿಸತೊಡಗಿದೆ. ಆಕೆ ಸಾಸಿವೆಯ ಬುಟ್ಟಿಯನ್ನು ನನ್ನ ಕಂಕುಳಿಗೆ ತುರುಕಿದಳು.

"ನಿಂತ್ಯಾಕ? ನಿನ್ನ ಬಸ್ಸು ಬರಾಕ ಇನ್ನೂ ಹೊತ್ತೈತಿ. ಎರಡು ಸಾಲು ಮುಗೀತಾವ."